ಜಪಾನಿಯಲ್ಲಿ ಏನಾದರೂ

ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲ ಎಂದು ಫುಸಾಯೆ ಅಮ್ಮನಿಗೆ ಕೆಲವು ವಾರಗಳಿಂದ ಹೇಳುತ್ತಲೇ ಇದ್ದಳು. ಇಂಗ್ಲಿಷಿನಲ್ಲಿ ಗಡಗಡ ಮಾತಾಡುತ್ತಾರೆ, ನಿನಗೆ ತಲೆಬುಡ ತಿಳಿಯುವುದಿಲ್ಲ. ಆ ಟಾಕೀಸಿನ ಕುರ್ಚಿಯಲ್ಲಿ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ನಾನು ಪರದೆಯ ಮೇಲೆ ಬರುವುದೇ ಸ್ವಲ್ಪ ಹೊತ್ತು. ಯಾವುದೂ ನಾಟಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಲಾಸ್ ಏಂಜಲಿಸಿನ ಬಾಯ್ಲ್ ಹೈಟ್ಸಿನಲ್ಲಿದ್ದ ಅಮ್ಮನ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ನಿಂತು, ಒದ್ದೆ ಅಂಗೈಗೆ ಉಪ್ಪು ಸವರಿಕೊಂಡು, ಬಿಸಿ ಅನ್ನದ ಉಂಡೆ ಕಟ್ಟುತ್ತಿದ್ದಳು. ಪ್ರತಿ ಉಂಡೆಯ ಹೊಟ್ಟೆಯೊಳಗೆ ಉಪ್ಪಿನಲ್ಲಿಟ್ಟ ಹುಳಿಹಣ್ಣಿನ ಒಂದು ಚೂರು ಹೋಗುತ್ತಿತ್ತು. ಬುದ್ಧನ ಗುಡಿಯ ಮಹಿಳಾ ಸಂಘದವರೆಲ್ಲ ಒಟ್ಟಿಗೆ ಮ್ಯಾಟಿನಿಗೆ ಹೋಗುವುದೆಂದು ನಿಶ್ಚಯವಾಗಿ, ಅದಕ್ಕೆ ಅಮ್ಮ ತನ್ನ ಬೂದುಬಣ್ಣದ ಒಳ್ಳೆಯ ಫ್ರಾಕನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ನೇತುಹಾಕಿಯೂ ಆಗಿತ್ತು. ಮಗಳು ಇಷ್ಟು ವರ್ಷ ಸಿನಿಮಾದಲ್ಲಿ ಚಾಕರಿಯವಳಾಗಿ, ಗೂಢಚಾರಿಣಿಯಾಗಿ, ಚೀನೀ ಹೋಟೆಲಿನಲ್ಲಿ ಹಾಡುವವಳಾಗಿ ಬಂದಾಗ ಯಾವತ್ತೂ ನೋಡಲು ಹೋಗದ ಅಮ್ಮ ಈ ಸಲ ಮಾತ್ರ ಹೊರಟು ನಿಂತಿದ್ದಳು. ಈ ಸಲ ಮಗಳು ಮರ್ಯಾದಸ್ಥ ಮನೆಯ ಹೆಂಡತಿಯ ವೇಷ ಹಾಕಿದ್ದಾಳಂತೆ, ಅಳುತ್ತಾಳಂತೆ, ಜಪಾನಿಯಲ್ಲೇ ಮಾತಾಡುತ್ತಾಳಂತೆ.

"ಇಷ್ಟೊಂದು ಯಾರ್‌ಗಮ್ಮ?"

"ನಿನ್ ಪಿಚ್ಚರ್ ನೋಡಾಕೆ ಬತ್ತಾವ್ರೆ. ಬರೀ ಕೈಲಿ ಕೂರ್ಸಾಕಾಯ್ತದಾ?" ಅಮ್ಮ ಅವಳ ಮುಖ ನೋಡಲಿಲ್ಲ. "ನೀ ಯಾಕೆ ಮಕ ಹಿಂಗ್ ಮಾಡ್ಕಂಡಿದೀಯೆ? ಒಟ್ಟೆ ಸರಿಗಿಲ್ವಾ?"

ಹೊಟ್ಟೆ ಸರಿಯಿಲ್ಲ ಎಂದುಬಿಡಬಹುದಿತ್ತು. ಅಮ್ಮ ಆಗ ಗಂಜಿ ಮಾಡುತ್ತಾಳೆ, ಹಾಸಿಗೆ ಹಾಸುತ್ತಾಳೆ, ಮಗಳನ್ನು ಮಲಗಿಸಿ ಸಿನಿಮಾಕ್ಕೆ ಹೋಗುತ್ತಾಳೆ. ಅದಕ್ಕಿಂತ ಜೊತೆಗೆ ಹೋಗುವುದೇ ಮೇಲು ಎಂದುಕೊಂಡು ಫುಸಾಯೆ ಉಂಡೆಗಳಿಗೆ ಡಬ್ಬಿ ತಂದಿಟ್ಟಳು. ಭಯ ಅವಳಿಗೆ ಸಿನಿಮಾದ ಬಗ್ಗೆ ಅಲ್ಲ, ಅದರೊಳಗಿನ ಒಂದೇ ಒಂದು ದೃಶ್ಯದ ಬಗ್ಗೆ. ಆ ದೃಶ್ಯದಲ್ಲಿ ಸತ್ತ ಗಂಡನ ಪಕ್ಕ ಕೂತು ಅವಳು ಆಡುವ ಮಾತು ಯಾರೂ ಬರೆದುಕೊಟ್ಟದ್ದಲ್ಲ. ಅದು ಅಮ್ಮನದು. ಅಪ್ಪ ತೀರಿಕೊಂಡ ಬೆಳಿಗ್ಗೆ, ಯಾರೂ ಕೇಳುತ್ತಿಲ್ಲವೆಂದುಕೊಂಡು ಅಮ್ಮ ಅಪ್ಪನಿಗೆ ಆಡಿದ ಮಾತು. ಅದನ್ನು ಎಲ್ಲ ಬಿಳಿಯರೂ ಕೇಳಿ, ಒಂದಕ್ಷರ ತಿಳಿಯದೆ, ಕಣ್ಣೊರೆಸಿಕೊಂಡು, ಪತ್ರಿಕೆಗಳಲ್ಲಿ ಹೊಗಳಿಯೂ ಆಗಿತ್ತು. ಇವತ್ತು ಮೊದಲ ಬಾರಿಗೆ ತಿಳಿಯುವವರು ಕೇಳುತ್ತಾರೆ. ಮುಂದಿನ ಭಾನುವಾರ ಅಪ್ಪನ ಹದಿಮೂರನೆಯ ವರ್ಷದ ತಿಥಿ. ಇದೇ ಹೆಂಗಸರು ಇದೇ ಉಡುಪಿನಲ್ಲಿ ಬಂದು ಧೂಪ ಹಾಕಿ, ತಮೆಕಿಚಿ ಒಕಿಮೊಟೊ ಎಂಥ ಒಳ್ಳೆಯ ಮನುಷ್ಯ, ಅವನದು ಎಂಥ ಒಳ್ಳೆಯ ಸಂಸಾರ ಎಂದು ಅಮ್ಮನಿಗೆ ಬಗ್ಗಿ ನಮಸ್ಕಾರ ಮಾಡಬೇಕಾದವರು.

ಕಳ್ಳತನ ಎಂದರೆ ಇದೇ ಎಂದು ಅವಳಿಗೆ ಅನ್ನಿಸಿದ್ದು ಶೂಟಿಂಗ್ ಮುಗಿದ ಎಷ್ಟೋ ದಿನಗಳ ಮೇಲೆ, ಹಲ್ಲುಜ್ಜುತ್ತಿದ್ದಾಗ. ಅವತ್ತು ಅನ್ನಿಸಿರಲಿಲ್ಲ. ಅವತ್ತು ಮೊದಮೊದಲು ಅನ್ನಿಸಿದ್ದು ಬರೀ ಸುಸ್ತು. ಚಿತ್ರಕಥೆಯ ಹಾಳೆಯಲ್ಲಿ ಇದ್ದದ್ದು ಇಷ್ಟೇ: ಅವಳು ಜಪಾನಿಯಲ್ಲಿ ಗೋಳಾಡುತ್ತಾಳೆ. ಏನೆಂದು ಗೋಳಾಡಬೇಕು ಎಂದು ಅವಳು ಕೇಳಿದ್ದಕ್ಕೆ ನಿರ್ದೇಶಕ ಪ್ರೆಂಟಿಸ್ ನಕ್ಕಿದ್ದ. "ಜಪಾನಿಯಲ್ಲಿ ಏನಾದ್ರೂ ಅನ್ನು. ಯಾರಿಗೆ ಗೊತ್ತಾಗುತ್ತೆ?" ಮೊದಲ ಸಲ ಅವಳು ಶನಿವಾರದ ಜಪಾನಿ ಪಾಠಶಾಲೆಯಲ್ಲಿ ಕಲಿತ ನಯದ ಮಾತಿನಲ್ಲಿ, "ಸ್ವಾಮೀ, ತಾವು ಹೀಗೇಕೆ ಮಾಡಿದಿರಿ, ದಯವಿಟ್ಟು ಕಣ್ಣು ತೆರೆಯಿರಿ" ಎಂದಳು. ಮೇಷ್ಟರ ಮುಂದೆ ಪಾಠ ಒಪ್ಪಿಸಿದ ಹಾಗಿತ್ತು. ಸತ್ತವನ ಪಾತ್ರದ ಬಿಳಿಯ ನಟನಿಗೆ ಗಂಟಲು ಕೆರೆದು ಕೆಮ್ಮು ಬಂತು. ಮತ್ತೆ ಮಾಡಿದರು, ಮತ್ತೆ ಮಾಡಿದರು. ಪ್ರೆಂಟಿಸ್ ಹತ್ತಿರ ಬಂದು ಮೆಲ್ಲಗೆ, ಕೋಪವೇ ಇಲ್ಲದೆ, "ನಿಮ್ಮ ಕಡೆಯವರು ಅಳೋದಿಲ್ಲ ಅಂತಾರಲ್ಲ, ನಿಜವಾ?" ಎಂದು ಕೇಳಿದ. ಅವನು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದ. ಅದರಿಂದಲೇ ಅವಳಿಗೆ ಹೆಚ್ಚು ಅವಮಾನವಾಯಿತು. ಮುಂದಿನ ಸಲ ಕ್ಯಾಮೆರಾ ಓಡಿದಾಗ ಬಾಯಿಂದ ಹೊರಬಿದ್ದದ್ದು ಪಾಠಶಾಲೆಯ ಭಾಷೆಯಲ್ಲ. ಅಡುಗೆಮನೆಯ ಭಾಷೆ, ಅಮ್ಮನ ಊರಾದ ಹಿರೋಷಿಮಾದ ಹೊಲಗದ್ದೆಯ ಭಾಷೆ. ಆಮೇಲೆ ಪ್ರೆಂಟಿಸ್ ಕನ್ನಡಕ ತೆಗೆದು ಒರೆಸಿಕೊಂಡ, ಲೈಟ್ ಹಿಡಿದವರು ತಲೆ ತಗ್ಗಿಸಿದರು, ಯಾರೋ ಅವಳಿಗೆ ಕಾಫಿ ತಂದುಕೊಟ್ಟರು. ಇಷ್ಟು ವರ್ಷಗಳಲ್ಲಿ ಸ್ಟುಡಿಯೋದಲ್ಲಿ ಯಾರಾದರೂ ತಾವಾಗಿ ಅವಳಿಗೆ ಕಾಫಿ ತಂದುಕೊಟ್ಟದ್ದು ಅದೇ ಮೊದಲು. ಅವಳಿಗೆ ಸಂತೋಷವಾಗಿತ್ತು. ಅದನ್ನು ಸುಳ್ಳೆಂದು ಈಗ ಹೇಳುವ ಹಾಗಿಲ್ಲ.

ಕಾರಿನಲ್ಲಿ ಅಮ್ಮ ಅನ್ನದ ಉಂಡೆಗಳ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಳು. ಮಗಳ ಕಾರಿನಲ್ಲಿ ಅವಳು ಯಾವಾಗಲೂ ಹಾಗೆ ಕೂರುವುದು, ಬಾಡಿಗೆ ಗಾಡಿಯಲ್ಲಿ ಕೂತ ಹಾಗೆ. ರಸ್ತೆಯ ಬದಿಯ ಹುಲ್ಲುಹಾಸುಗಳನ್ನು ನೋಡಿ, ಇದನ್ನು ಕತ್ತರಿಸಿದವನಿಗೆ ಕೆಲಸ ಬರುವುದಿಲ್ಲ ಎಂದಳು. ಅಪ್ಪ ತೋಟದ ಮಾಲಿಯಾಗಿದ್ದ. ಅವನು ಹುಲ್ಲು ಕತ್ತರಿಸುತ್ತಿದ್ದ ಮನೆಗಳಲ್ಲಿ ಒಂದು ಸ್ಟುಡಿಯೋದ ಯಾರೋ ಸಾಹೇಬನದು. ಚೀನೀ ಹಳ್ಳಿಯೊಂದು ಹೊತ್ತಿ ಉರಿಯುವಾಗ ಓಡಲು ಮಕ್ಕಳು ಬೇಕಾಗಿದ್ದಾರೆ, ನಿನ್ನ ಮಗಳನ್ನು ಕರೆದುಕೊಂಡು ಬಾ ಎಂದಿದ್ದ ಆ ಸಾಹೇಬ. ನಾವು ಚೀನೀಯರಲ್ಲ ಎಂದು ಅಪ್ಪ ಹೇಳಲಿಲ್ಲ. ಆವತ್ತು ಅಪ್ಪ ಒದ್ದೆ ಬಾಚಣಿಗೆಯಿಂದ ಅವಳ ತಲೆ ಬಾಚಿ ಕರೆದುಕೊಂಡು ಹೋಗಿದ್ದ. ಸ್ಟುಡಿಯೋದವರು ಅದೇ ತಲೆಗೆ ಬೂದಿ ಎರಚಿದರು. ಅವಳು ಎಷ್ಟು ಚೆನ್ನಾಗಿ ಓಡಿದಳೆಂದರೆ ಅವಳೊಬ್ಬಳನ್ನೇ ಇನ್ನೊಮ್ಮೆ ಓಡಿಸಿದರು. ಜಪಾನಿನೊಡನೆ ಯುದ್ಧ ಬಂದು ಸರ್ಕಾರ ಜಪಾನಿ ಮೂಲದವರನ್ನೆಲ್ಲ ಆರಿಜೋನಾದ ಮರಳುಗಾಡಿನ ಶಿಬಿರಕ್ಕೆ ತುಂಬಿದಾಗಲೂ ಆ ಓಟವೇ ಅವಳ ಪ್ರತಿಷ್ಠೆಯಾಗಿತ್ತು, ಊಟದ ಶೆಡ್ಡಿನಲ್ಲಿ ಆಡುವ ನಾಟಕಗಳಿಗೆಲ್ಲ ಅವಳೇ ನಾಯಕಿ. ಬಿಡುಗಡೆಯಾಗಿ ಬಂದ ಮೇಲೆ ಸ್ಟುಡಿಯೋದವರು ಅವಳಿಗೆ ಸೂಸಿ ಹಾನ್ ಎಂದು ಹೆಸರಿಟ್ಟರು. ಜಪಾನಿ ಹೆಸರು ಆಗ ಯಾರಿಗೂ ಬೇಡವಾಗಿತ್ತು. ಲಾಸ್ ಏಂಜಲಿಸಿನಲ್ಲಿ ಹುಟ್ಟಿ ಬೆಳೆದ ಅವಳ ನೇರ ಇಂಗ್ಲಿಷನ್ನು ಒಬ್ಬ ಮಾತಿನ ಮೇಷ್ಟರು ಕಷ್ಟಪಟ್ಟು ಸೊಟ್ಟಗೆ ಮಾಡಿದರು. ಅವಳು ಬೇಗ ಕಲಿತಳು, ಅದಕ್ಕೂ ಶಹಬ್ಬಾಸ್ ಸಿಕ್ಕಿತು. ಈಗ ಸೈನಿಕರೆಲ್ಲ ಜಪಾನಿನಿಂದ ಹೆಂಡತಿಯರನ್ನು ಕರೆದುಕೊಂಡು ಬಂದು, ಕಿಮೋನೊ ಫ್ಯಾಷನ್ನಾಗಿ, ಅವಳ ಹೆಸರನ್ನು ಅವಳಿಗೆ ಅರ್ಧ ವಾಪಸು ಕೊಟ್ಟಿದ್ದರು: ಫುಸಾ ಓಕಿ. ಇನ್ನರ್ಧಕ್ಕೆ ಪೋಸ್ಟರಿನಲ್ಲಿ ಜಾಗವಿಲ್ಲವಂತೆ.

"ಅಪ್ಪ ಇದ್ದಿದ್ರೆ ಈ ಪಿಚ್ಚರ್ ನೋಡಿ ಏನಂತಿದ್ರಮ್ಮ?" ಎಂದಳು ಫುಸಾಯೆ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಗೊತ್ತಾಯಿತು.

"ಏನೂ ಅಂತಿರ್ನಿಲ್ಲ. ಅವ್ನು ಏನಾದ್ರೂ ಅನ್ನೋನಾ?" ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ನೋಡಿದಳು. "ಮೂರ್ ಕಿತ ನೋಡ್ತಿದ್ದ. ಮೂರ್ ಕಿತವೂ ನಿದ್ದೆ ಹೊಡೀತಿದ್ದ."

ಹೌದು, ಅಪ್ಪ ಏನೂ ಅನ್ನುತ್ತಿರಲಿಲ್ಲ. ಶಿಬಿರದ ಆಸ್ಪತ್ರೆಯ ಶೆಡ್ಡಿನಲ್ಲಿ ಕೊನೆಯ ದಿನಗಳಲ್ಲೂ ಏನೂ ಅನ್ನದೆ ಚಾವಣಿ ನೋಡುತ್ತ ಮಲಗಿರುತ್ತಿದ್ದ. ಬೆಳಕು ಹರಿಯುವಾಗ ಹೋದ. ನರ್ಸ್ ಬಂದು ನೋಡಿ ಯಾರನ್ನೋ ಕರೆಯಲು ಹೋದಳು. ಹಾಸಿಗೆಗಳ ನಡುವೆ ನೇತುಹಾಕಿದ್ದ ದುಪ್ಪಟಿಯ ಈ ಕಡೆ ಫುಸಾಯೆ ನೀರಿನ ಹೂಜಿ ಹಿಡಿದು ನಿಂತಿದ್ದಳು. ಗಂಡನ ಎದುರು ಯಾವತ್ತೂ ದನಿ ಎತ್ತಿ ಗೊತ್ತಿಲ್ಲದ, ಅವನ ಊಟವಾಗುವವರೆಗೆ ತಾನು ಕೂರದ ಅಮ್ಮ, ಆ ಕಡೆಯಿಂದ, ಅಳು ಇಲ್ಲದ ದನಿಯಲ್ಲಿ, ಪಕ್ಕದ ಹೊಲದವಳ ಜೊತೆ ಜಗಳಕ್ಕೆ ನಿಂತ ಹಾಗೆ ಮಾತಾಡುತ್ತಿದ್ದಳು. ಮೂರು ವರ್ಷ ಅಂದಿದ್ದೆ ನೀನು. ಮೂರು ವರ್ಷ ದುಡಿದು ಊರಿಗೆ ಹೋಗೋಣ ಅಂದಿದ್ದೆ. ಫುಸಾಯೆಗೆ ಆಗ ಹೆದರಿಕೆಯಾಗಿತ್ತು. ಆಮೇಲೆ ಗುಡಿಯಲ್ಲಿ, ಶಿಬಿರದಲ್ಲಿ, ಊರಿನಲ್ಲಿ, ಅಮ್ಮ ಅದೇ ಹಳೆಯ ಅಮ್ಮನಾಗಿಯೇ ಉಳಿದಳು. ಅಪ್ಪನ ಪಟದ ಮುಂದೆ ದಿನಾ ಮೊದಲ ಅನ್ನ ಇಡುತ್ತಿದ್ದಳು. ಆ ಮಾತನ್ನು ತಾನು ಕೇಳಿದ್ದು ಕನಸೋ ಏನೋ ಎಂದು ಮಗಳಿಗೂ ಅನ್ನಿಸತೊಡಗಿತ್ತು. ಕ್ಯಾಮೆರಾ ಓಡಿದಾಗ ಗೊತ್ತಾಯಿತು, ಕನಸಲ್ಲ. ಕನಸಾಗಿದ್ದರೆ ಅಷ್ಟು ಚೆನ್ನಾಗಿ ನೆನಪಿರುತ್ತಿರಲಿಲ್ಲ.

ಜಪಾನಿಯರ ಪೇಟೆಯ ಫಸ್ಟ್ ಸ್ಟ್ರೀಟಿನ ಆ ಟಾಕೀಸಿನಲ್ಲಿ ಸಾಮಾನ್ಯವಾಗಿ ಓಡುವುದು ಜಪಾನಿನಿಂದ ತರಿಸಿದ ಕತ್ತಿ ಕಾಳಗದ ಚಿತ್ರಗಳು. ಈ ವಾರ ಮಾತ್ರ ನಮ್ಮ ಹುಡುಗಿಯ ಚಿತ್ರ ಎಂದು ಮಾಲೀಕ ಹೊರಗೆ ಕಾಗದದ ಹೂವು ಕಟ್ಟಿಸಿದ್ದ. ಒಳಗೆ ಹೆಂಗಸರು ಮೂರು ಸಾಲು ತುಂಬಿದ್ದರು. ಬಹುತೇಕ ಎಲ್ಲ ಹಿರೋಷಿಮಾ ಕಡೆಯವರು, ಮೈ ಮುರಿದು ದುಡಿದವರು. ಸಂಘದ ಅಧ್ಯಕ್ಷೆ ಕುನಿಸಾದಾ ಒಬ್ಬರು ಟೋಕಿಯೋದವರು, ಹಲ್ಲಿನ ವೈದ್ಯರ ಹೆಂಡತಿ. ಅವರ ಮಾತು ರೇಡಿಯೋದವರ ಮಾತಿನ ಹಾಗೆ ಇಸ್ತ್ರಿ ಮಾಡಿದ್ದು. ಅವರೆದುರು ಉಳಿದವರೆಲ್ಲ ಬಾಯಿ ಬಿಡುವ ಮೊದಲು ಒಮ್ಮೆ ನುಂಗಿಕೊಳ್ಳುತ್ತಿದ್ದರು. "ಬನ್ನಿ ಒಕಿಮೊಟೊ ಅವರೇ, ನಿಮಗೆ ಮಧ್ಯದ ಜಾಗ ಇಟ್ಟಿದ್ದೇವೆ" ಎಂದರು ಅವರು. ಅಮ್ಮ ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಕೂತಳು. ಡಬ್ಬಿ ಸಾಲಿನುದ್ದಕ್ಕೂ ಓಡಾಡಿತು. ಕತ್ತಲಾದ ಮೇಲೂ ಉಂಡೆಗೆ ಸುತ್ತಿದ ಕಡಲಪಾಚಿಯ ವಾಸನೆ, ಪಿಸುಮಾತು, ಯಾರೋ ಹುಳಿಹಣ್ಣಿನ ಬೀಜವನ್ನು ಕರವಸ್ತ್ರಕ್ಕೆ ಉಗುಳಿದ ಸದ್ದು. ಪರದೆಯ ಮೇಲೆ ಫುಸಾಯೆ ಜರಿಯ ಕಿಮೋನೊ ಉಟ್ಟು ಬಂದಳು, ಕ್ಯೋಟೋದ ಹಳೆಯ ಶ್ರೀಮಂತರ ಮನೆಯ ಮಗಳಂತೆ. "ಅಯ್ಯೋ, ನಮ್ ಫುಸಾನೇ ಕಣೆ," ಎಂದು ಹಿಂದಿನಿಂದ ಯಾರೋ ಅಂದರು. ಪರದೆಯ ಮೇಲಿನವಳು ಸೊಟ್ಟ ಇಂಗ್ಲಿಷಿನಲ್ಲಿ ಬಿಳಿಯ ಸೈನಿಕನನ್ನು ಪ್ರೀತಿಸಿದಳು, ಅವನ ಬೂಟು ಬಿಚ್ಚಿದಳು, ಚಹಾ ಸುರಿದಳು. ಹೆಂಗಸರು ಸಹಿಸಿಕೊಂಡು ನೋಡಿದರು. ಫುಸಾಯೆ ಪಕ್ಕಕ್ಕೆ ತಿರುಗಲಿಲ್ಲ. ಎದುರಿನ ಸಾಲಿನ ಕುನಿಸಾದಾ ಅವರ ಕುತ್ತಿಗೆಯ ಮೇಲಿನ ಮುತ್ತಿನ ಸರದ ಕೊಂಡಿಯನ್ನೇ ನೋಡುತ್ತಿದ್ದಳು. ಕರೆಂಟು ಹೋಗಲಿ, ರೀಲು ಸುಟ್ಟುಹೋಗಲಿ ಎಂದು ಬೇಡಿಕೊಂಡಳು. ಯಾವ ದೇವರನ್ನು ಎಂದು ಅವಳಿಗೇ ಗೊತ್ತಿರಲಿಲ್ಲ.

ಸೈನಿಕ ಸತ್ತ. ಜರಿಯ ಕಿಮೋನೊದ ಹೆಂಡತಿ ಅವನ ಪಕ್ಕ ಕೂತು, ಕುತ್ತಿಗೆ ಬಳುಕಿಸಿ, ಬಾಯಿ ತೆರೆದಳು. "ಮೂರೊರ್ಸ ಅಂದಿದ್ದೆ ಕಣಯ್ಯ ನೀನು. ಮೂರೊರ್ಸ ದುಡ್ದು ಊರಿಗೋಗದು ಅಂದಿದ್ದೆ. ಸುಳ್ಳ." ಟಾಕೀಸು ಒಂದು ಕ್ಷಣ ಬೆಪ್ಪಾಯಿತು, ಆಮೇಲೆ ನಕ್ಕಿತು. ತಡೆಯಲಾರದ ನಗು. ಅರಮನೆಯಂಥ ಮನೆಯ ಹುಡುಗಿಯ ಬಾಯಿಂದ ಗೊಬ್ಬರ ಹೊತ್ತ ರೈತ ಹೆಂಗಸಿನ ಮಾತು ಬಂದರೆ ಯಾರು ತಾನೆ ನಗುವುದಿಲ್ಲ? ಹಿಂದಿನ ಸಾಲಿನವರು ಒಬ್ಬರ ಮೇಲೊಬ್ಬರು ಬಿದ್ದರು. ಮಾಲೀಕ ಬಾಗಿಲಿನಿಂದ ಒಳಗೆ ತಲೆ ಹಾಕಿದ. ಶೂಟಿಂಗಿನಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ, ಕ್ಯೋಟೋದವಳು ಹೀಗೆ ಮಾತಾಡುವುದಿಲ್ಲ ಎಂದು. ದುಃಖದ ಜಪಾನಿ ಅವಳು ಕೇಳಿದ್ದು ಇದೊಂದೇ. ನಗು ಇನ್ನೂ ಆರಿರಲಿಲ್ಲ, ಪರದೆಯ ಮೇಲಿನವಳು ಮುಂದುವರಿಸಿದಳು. "ನನ್ನ ಈ ಮಳ್ಳಲ್ಲಿ ಬುಟ್ಟು ನೀನೊಬ್ನೇ ಓಯ್ತಾ ಇದ್ದೀಯ. ನಂಗ್ ನೀನು ಬ್ಯಾಡಾಗಿದ್ದೆ. ಬಂದ ದಿನ್ದಿಂದ್ಲೂ ಬ್ಯಾಡಾಗಿದ್ದೆ. ನಿನ್ ಕಿವಿ ಕೇಳ್ತಿರೋವಾಗ್ಲೇ ಒಂದ್ ಕಿತ ಯೋಳ್ಬೇಕಾಗಿತ್ತು."

ನಗು ನಿಂತಿತು. ಮೆಲ್ಲಗೆ ಅಲ್ಲ, ಒಟ್ಟಿಗೆ, ಎಲ್ಲರಿಗೂ ಯಾರೋ ಒಂದೇ ಸಲ ಗದರಿದ ಹಾಗೆ. ಸೈನಿಕನ ಹೆಂಡತಿಗೆ ಮರಳು ಎಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಆ ಮೂರು ಸಾಲಿನ ಪ್ರತಿಯೊಬ್ಬರೂ ಶಿಬಿರದಲ್ಲಿ ಆ ಮರಳನ್ನು ಗುಡಿಸಿದವರೇ. ಫುಸಾಯೆಗೆ ಈಗ ಪಕ್ಕಕ್ಕೆ ತಿರುಗದೆ ಇರಲಾಗಲಿಲ್ಲ. ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಮುಖದಲ್ಲಿ ಕೋಪವಿರಲಿಲ್ಲ, ನೋವೂ ಇರಲಿಲ್ಲ. ಬಸ್ಸಿನಲ್ಲಿ ಗುರುತಿನವರ ಹಾಗೆ ಕಂಡವರನ್ನು ನೋಡುವಾಗ ಹೇಗಿರುತ್ತದೋ ಹಾಗಿತ್ತು. ಬಾಯಲ್ಲಿದ್ದ ಅನ್ನವನ್ನು ಅವಳು ಅಗಿಯುವುದನ್ನು ನಿಲ್ಲಿಸಿದ್ದಳು. ಚಿತ್ರ ಮುಗಿಯುವವರೆಗೆ ನುಂಗಿದ ಹಾಗೆ ಕಾಣಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಹೆಂಗಸರು ಫುಸಾಯೆಯನ್ನು ಸುತ್ತುವರಿದು ಬಗ್ಗಿ ಬಗ್ಗಿ ಹೊಗಳಿದರು, ಆದರೆ ಯಾರೂ ಅಮ್ಮನ ಮುಖ ನೋಡಲಿಲ್ಲ. ಕಿಮೋನೊ ಚೆನ್ನಾಗಿತ್ತು, ಕೂದಲು ಚೆನ್ನಾಗಿತ್ತು. ಕುನಿಸಾದಾ ಅವರು ಕೈಗವಸು ಹಾಕಿಕೊಳ್ಳುತ್ತ, "ಆ ಕೊನೆಯ ಮಾತುಗಳು ತುಂಬ... ಸ್ವಾಭಾವಿಕವಾಗಿದ್ದವು. ಯಾರು ಬರೆದದ್ದು?" ಎಂದರು.

"ಸ್ಟುಡಿಯೋದವರು ಬರೆದುಕೊಟ್ಟದ್ದು," ಎಂದಳು ಫುಸಾಯೆ.

"ಹೌದಾ? ಸತ್ತವರ ಮುಂದೆ ಹಾಗೆ ಮಾತಾಡೋ ಹೆಂಗಸು ನಮ್ಮಲ್ಲಿ ಇರೋದಿಲ್ಲ ಅಂತ ಅವರಿಗೆ ಯಾರಾದರೂ ತಿಳಿಸಬೇಕಿತ್ತು."

ಅಮ್ಮ ಅಷ್ಟು ಹೊತ್ತಿಗೆ ಸೊಂಟದವರೆಗೆ ಬಗ್ಗಿದ್ದಳು. "ನಮ್ಮುಡ್ಗಿ ದಡ್ಡಿ. ಯೋಳ್ಕೊಟ್ಟದ್ದ ಯೋಳ್ತಾಳೆ. ನಿಮ್ ಕಿವಿಗೆ ಕಷ್ಟ ಆಗಿರ್ಬೇಕು, ಮಾಫ್ ಮಾಡ್ಬೇಕು. ಮುಂದ್ಲ ವಾರ ತಪ್ದೆ ಬನ್ನಿ." ಯಾವ ಮಗುವನ್ನಾದರೂ ನಾಲ್ಕು ಜನರ ಎದುರು ಅದರ ತಾಯಿ ಹೀಗೇ ಹಳಿಯುವುದು, ಅದು ಬರೀ ವಾಡಿಕೆ. ಆದರೂ ಬಗ್ಗಿದ ಅಮ್ಮನ ಬೆನ್ನು ಇವತ್ತು ಎದ್ದು ನಿಲ್ಲಲು ತಡಮಾಡಿತೆಂದು ಫುಸಾಯೆಗೆ ಅನ್ನಿಸಿತು. ಮೂಲೆಯಲ್ಲಿ ಮೀನಂಗಡಿಯ ವಿಧವೆ ಯೋಷಿಕೆ ಮಾತ್ರ ಯಾರ ಜೊತೆಯೂ ಸೇರದೆ, ಗೋಡೆಗೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಕಾರು ನದಿಯ ಸೇತುವೆ ಹತ್ತಿತು. ಕೆಳಗೆ ನದಿ ಎನ್ನುವುದರಲ್ಲಿ ನೀರಿರಲಿಲ್ಲ, ಸಿಮೆಂಟಿತ್ತು. ಮುಂದಿನ ಭಾನುವಾರ ಎಷ್ಟು ಜನ ಬರುತ್ತಾರೆ, ಬಂದವರು ಏನನ್ನು ನೋಡುತ್ತಾರೆ, ಅಪ್ಪನ ಪಟವನ್ನೋ ಅಮ್ಮನ ಮುಖವನ್ನೋ ಎಂದು ಫುಸಾಯೆ ಲೆಕ್ಕ ಹಾಕುತ್ತಿದ್ದಳು. ಅಮ್ಮ ಬೈದರೆ ಸಾಕಾಗಿತ್ತು. ಇಂಥ ಹೊತ್ತಿನಲ್ಲಿ ಬೈಗುಳ ಎಷ್ಟು ಸುಖ.

"ಆ ಸ್ಟುಡಿಯೋ ಬಿಳಿಯ," ಎಂದಳು ಅಮ್ಮ, ಗಾಜಿನ ಹೊರಗೆ ನೋಡುತ್ತ, "ನಮ್ಮೂರ್ ಮಾತ ಚೆಂದಾಗ್ ಕಲ್ತವ್ನೆ."

"ಅಮ್ಮ, ತಪ್ಪಾಯ್ತು."

"ಮುಂದ್ ನೋಡ್ಕಂಡ್ ಓಡ್ಸು. ಕೆಂಪು ದೀಪ."

ಕಾರು ನಿಂತಿತು. ಫುಸಾಯೆ ಏನೇನೋ ಹೇಳಲು ಶುರುಮಾಡಿದಳು: ಬೇಕೆಂದು ಮಾಡಿದ್ದಲ್ಲ, ಬಾಯಿಂದ ತಾನಾಗಿ ಬಂತು, ಅವರು ಮತ್ತೆ ಮತ್ತೆ ಮಾಡಿಸಿದರು. ಹೇಳುತ್ತ ಹೇಳುತ್ತ ತನ್ನ ದನಿ ಸಿನಿಮಾದ ದನಿಯಾಗುತ್ತಿದೆ ಎಂದು ಗೊತ್ತಾಗಿ ನಾಚಿಕೆಯಾಯಿತು. ನಿಲ್ಲಿಸಿದಳು.

"ಅಷ್ಟೂ ಕೇಳುಸ್ಕಂಡಿದೀಯ," ಎಂದಳು ಅಮ್ಮ. ಅದು ಪ್ರಶ್ನೆಯಾಗಿರಲಿಲ್ಲ. "ಒಂದಕ್ಸರ ತಪ್ಪಿಲ್ಲ. ನಾನೇ ಮರ್ತೋಗಿದ್ದೆ, 'ಮಳ್ಳಲ್ಲಿ' ಅಂದಿದ್ದೆ ಅನ್ನೋದ. ಆದ್ರೆ ಕೊನೇದ್ ಯಾಕ್ ಬುಟ್ಟೆ? ಬ್ಯಾಡ ಅಂದ್ರಾ ಅವ್ರು?"

"ಕೊನೇದಾ?"

"ಯೋಳ್ಬೇಕಾಗಿತ್ತು ಅಂದ್ನಲ್ಲ. ಅದಾದ್ಮೇಕೆ ಇನ್ನೊಂದ್ ಅಂದೆ. ಅವ್ನ ಕೈ ಹಿಡ್ಕಂಡು ಅಂದೆ. ಅದಿದ್ರೆ ಅಲ್ವಾ ಸೀನು ಮುಗಿಯಾದು?"

ಫುಸಾಯೆ ನೆನಪನ್ನು ತಡಕಾಡಿದಳು. ಅಲ್ಲಿ ಏನೂ ಇರಲಿಲ್ಲ. ಒಂದು ಓಟವಿತ್ತು. ಹೊರಗಿನ ಬಿಸಿಲು, ಕೈಯಿಂದ ಜಾರಿದ ಹೂಜಿ. "ನಂಗೊತ್ತಿಲ್ಲಮ್ಮ," ಎಂದಳು. "ಬ್ಯಾಡಾಗಿದ್ದೆ, ಯೋಳ್ಬೇಕಾಗಿತ್ತು ಅಂದ್ಯಲ್ಲ, ಅಷ್ಟ ಕೇಳಿ ಓಡೋದೆ ನಾನು. ಆಮೇಕಿಂದ ಕೇಳ್ಲಿಲ್ಲ."

ಅಮ್ಮ ಆಗ ಮೊದಲ ಬಾರಿಗೆ ಮಗಳ ಕಡೆಗೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖದ ಮೇಲೆ ಯಾವುದೋ ಬಿಗಿ ಸಡಿಲವಾಯಿತು. ಇಡೀ ಮಧ್ಯಾಹ್ನ ಆ ಬಿಗಿ ಅಲ್ಲಿತ್ತೆಂದು ಫುಸಾಯೆಗೆ ಗೊತ್ತಾದದ್ದೇ ಅದು ಸಡಿಲವಾದಾಗ.

"ಸದ್ಯ," ಎಂದಳು ಅಮ್ಮ. "ಅದೊಂದಾದ್ರೂ ನಂದಾಗಿರ್ಲಿ."

ದೀಪ ಹಸಿರಾಯಿತು. ಏನೆಂದು ಕೇಳುವ ಹಕ್ಕು ತನಗಿಲ್ಲ ಎಂದು ಫುಸಾಯೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದಳು. ಅಮ್ಮ ಹೇಳಲಿಲ್ಲ.